ಹೊಸ ಊರಿನ ಸೆಕೆ: ವಲಸೆ ಕಾರ್ಮಿಕರಿಗೆ ಮೊದಲ ವಾರವೇ ಹೆಚ್ಚು ಅಪಾಯ

ನಿಮ್ಮ ಮನೆಯವರು ಕಟ್ಟಡ ಕೆಲಸಕ್ಕೆಂದು ಚೆನ್ನೈಗೆ ಹೋಗಿದ್ದಾರೆಯೇ? ಹಾಗಿದ್ದರೆ ಒಂದು ವಿಷಯ ತಿಳಿದಿರಲಿ. ಬಿಸಿಲಿನ ಕಾಯಿಲೆ ಹೆಚ್ಚು ಕಾಡುವುದು ಕೆಲಸಕ್ಕೆ ಸೇರಿದ ಮೊದಲ ಕೆಲವು ದಿನಗಳಲ್ಲಿ.

ಚೆನ್ನೈ ಸೆಕೆ ಏಕೆ ಬೇರೆ?

ರಾಯಚೂರು, ಕಲಬುರಗಿಯಲ್ಲೂ ಬಿಸಿಲು ಕಡಿಮೆಯಿಲ್ಲ. ಆದರೆ ಅದು ಒಣ ಬಿಸಿಲು. ಬೆವರು ಬೇಗ ಆರಿ ಮೈ ತಂಪಾಗುತ್ತದೆ. ಚೆನ್ನೈಯ ಗಾಳಿಯಲ್ಲಿ ಸಮುದ್ರದ ತೇವ ತುಂಬಿರುತ್ತದೆ. ಬೆವರು ಸುರಿದರೂ ಆರುವುದಿಲ್ಲ, ಮೈಯ ಶಾಖ ಒಳಗೇ ಉಳಿಯುತ್ತದೆ. ತಗಡಿನ ಶೆಡ್ಡಿನಲ್ಲಿ ಮಲಗುವವರಿಗೆ ರಾತ್ರಿಯೂ ಮೈ ತಣಿಯದು. ದೇಹ ಇದಕ್ಕೆ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಊರಿಗೆ ಬಂದು ಕೆಲವು ವಾರ ಉಳಿದು ಮರಳಿದವರೂ ಹೊಸದಾಗಿ ಹೊಂದಿಕೊಳ್ಳಬೇಕು.

ಕಾರ್ಮಿಕರ ಆರೋಗ್ಯ ಯಾರ ಹೊಣೆ?

ಇದು ಹಳೆಯ ಪ್ರಶ್ನೆ. 1876-78ರ ಭೀಕರ ಬರಗಾಲದಲ್ಲಿ ಮದ್ರಾಸಿನ ಬಕಿಂಗ್‌ಹ್ಯಾಮ್ ಕಾಲುವೆಯ ನಗರದೊಳಗಿನ ಭಾಗವನ್ನು ಬರಪರಿಹಾರ ಕಾಮಗಾರಿಯಾಗಿ ತೋಡಿಸಲಾಯಿತು. ಆಗ ಬರ ಕಾಮಗಾರಿಗಳ ದಿನಗೂಲಿಯನ್ನು ಸುಮಾರು 450 ಗ್ರಾಂ ಧಾನ್ಯ ಮತ್ತು ಒಂದು ಆಣೆಗೆ ಇಳಿಸಿದಾಗ, ದುಡಿಯುವ ದೇಹಕ್ಕೆ ಅದು ಸಾಲದೆಂದು ಮದ್ರಾಸಿನ ಸ್ಯಾನಿಟರಿ ಕಮಿಷನರ್ ಕಾರ್ನಿಷ್ ವಿರೋಧಿಸಿದರು. ನೂರು ವರ್ಷದ ನಂತರ, 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯು ವಸತಿ ಮತ್ತು ಉಚಿತ ವೈದ್ಯಕೀಯ ಸೌಲಭ್ಯವನ್ನು ಗುತ್ತಿಗೆದಾರರ ಹೊಣೆಯಾಗಿಸಿತು. ಲಕ್ಷಾಂತರ ಭಾರತೀಯರು ದುಡಿಯುವ ಕತಾರ್‌ನಲ್ಲಿ 2021ರಿಂದ, ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ, ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಿನ ಕೆಲಸಕ್ಕೆ ನಿಷೇಧವಿದೆ. ತಮಿಳುನಾಡು 2024ರಲ್ಲಿ ಬಿಸಿಗಾಳಿಯನ್ನು ರಾಜ್ಯದ ವಿಪತ್ತುಗಳ ಪಟ್ಟಿಗೆ ಸೇರಿಸಿತು. ಮೃತರ ಕುಟುಂಬಕ್ಕೆ ಪರಿಹಾರವೂ ಉಂಟು. ಆದ್ದರಿಂದ ಆಸ್ಪತ್ರೆಯ ಚೀಟಿಗಳನ್ನು ಜೋಪಾನವಾಗಿಡಿ.

ತಡೆಯುವುದು ಹೇಗೆ?

• ಮೊದಲ ದಿನ ಬಿಸಿಲಿನ ಕೆಲಸ ಪೂರ್ತಿ ಪಾಳಿಯ ಐದನೇ ಒಂದು ಭಾಗ ಮಾತ್ರ ಇರಲಿ. ನಂತರ ದಿನದಿನಕ್ಕೆ ಅಷ್ಟಷ್ಟೇ ಹೆಚ್ಚಿಸಲಿ. ಮೇಸ್ತ್ರಿಯ ಬಳಿ ಇದನ್ನು ಮೊದಲೇ ಮಾತಾಡಿಕೊಳ್ಳಿ.
• ಬಾಯಾರಿಕೆಗೆ ಕಾಯದೆ 15-20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಬೇಕು.
• ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮುನ್ನ ವೈದ್ಯರನ್ನು ಕೇಳಬೇಕು. ತಾವಾಗಿಯೇ ಮಾತ್ರೆ ನಿಲ್ಲಿಸಬಾರದು.

ಲಕ್ಷಣ ಕಂಡರೆ?

ತಲೆಸುತ್ತು, ವಾಕರಿಕೆ, ಸ್ನಾಯು ಸೆಳೆತ ಮೊದಲ ಎಚ್ಚರಿಕೆ. ಕೂಡಲೇ ಕೆಲಸ ನಿಲ್ಲಿಸಿ, ನೆರಳಿಗೆ ಬಂದು ಒಆರ್‌ಎಸ್ ಕುಡಿಯಬೇಕು. ಕೂಲಿ ತಪ್ಪೀತೆಂದು ಮುಂದುವರಿಸಿದರೆ ಪ್ರಾಣಕ್ಕೇ ಕುತ್ತು.

ಮಾತು ತೊದಲುವುದು, ಗೊಂದಲ, ಫಿಟ್ಸ್, ಪ್ರಜ್ಞೆ ತಪ್ಪುವುದು ಶಾಖಾಘಾತದ ಲಕ್ಷಣಗಳು. ಬೆವರುತ್ತಿದ್ದರೂ ಶಾಖಾಘಾತ ಆಗಿರಬಹುದು. 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವ ತನಕ ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಿ, ಕುತ್ತಿಗೆ ಮತ್ತು ಕಂಕುಳಿಗೆ ಐಸ್ ಇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ದೂರದ ಊರಿನಲ್ಲಿರುವ ನೀವು ಫೋನಿನಲ್ಲಿ ದಿನವೂ ಕೇಳಬಹುದಾದ ಪ್ರಶ್ನೆ ಒಂದಿದೆ: ಮೂತ್ರ ಯಾವ ಬಣ್ಣಕ್ಕಿದೆ? ಕಡು ಹಳದಿಯಾಗಿದ್ದರೆ ನೀರು ಸಾಲುತ್ತಿಲ್ಲ ಎಂದರ್ಥ. ಕಂದು ಬಣ್ಣಕ್ಕೆ ತಿರುಗಿದ್ದರೆ ಅಂದೇ ವೈದ್ಯರಿಗೆ ತೋರಿಸಲು ಹೇಳಿ.