ಮನೆ ಕಳೆದುಕೊಂಡವರು ಕಟ್ಟಿದ ಸಭೆ

ಹುಡುಗನ ಹೆಸರು ಹೀಕಾ. ಊರು ಇಥಿಯೋಪಿಯಾದ ಪಶ್ಚಿಮಕ್ಕಿರುವ ಹುರುಮು. ಮಾತು ಒರೊಮೊ. ನಾಲ್ಕು ವರ್ಷ ತುಂಬುವಷ್ಟರಲ್ಲಿ ಅಪ್ಪ ತೀರಿಕೊಂಡಿದ್ದರು. 1869ರಲ್ಲಿ ಗುಲಾಮರ ವ್ಯಾಪಾರಿಗಳು ಅವನನ್ನು ಹೊತ್ತುಕೊಂಡು ಹೋದರು. ಆಮೇಲೆ ಒಬ್ಬ ಒಡೆಯನಿಂದ ಇನ್ನೊಬ್ಬನಿಗೆ ಮಾರಾಟವಾಗುತ್ತಾ, ಬೆಟ್ಟದ ನಾಡಿನಿಂದ ಕೆಂಪು ಸಮುದ್ರದ ದಡದ ಮಸ್ಸಾವಾ ಬಂದರಿನವರೆಗೆ ಬಂದ. ಅಲ್ಲಿಂದ ಮುಂದೆ ಹಡಗು ಹತ್ತಿಸಿದ್ದರೆ ಅರೇಬಿಯಾ. ಅಲ್ಲಿಗೆ ಹೋದ ಸಾವಿರಾರು ಮಕ್ಕಳ ಹಾಗೆ ಇವನ ಹೆಸರೂ ನಮಗೆ ಗೊತ್ತಾಗುತ್ತಿರಲಿಲ್ಲ.

1870ರಲ್ಲಿ ಮಸ್ಸಾವಾದಲ್ಲಿ ವರ್ನರ್ ಮುನ್ಜಿಂಗರ್ ಎಂಬ ಸ್ವಿಸ್ ಮನುಷ್ಯ ಅವನನ್ನು ಬಿಡಿಸಿದ. ಬಿಡಿಸಿ, ಹತ್ತಿರದ ಇಮ್ಕುಲ್ಲುವಿನಲ್ಲಿದ್ದ ಸ್ವೀಡಿಶ್ ಮಿಷನ್ನಿನವರ ಕೈಗೆ ಒಪ್ಪಿಸಿದ.

ಇಲ್ಲಿ 'ಬಿಡಿಸು' ಅನ್ನುವ ಪದ ನೋಡಿ. ಕನ್ನಡದಲ್ಲಿ ಗಂಟು ಬಿಡಿಸ್ತೀವಿ, ಒಗಟು ಬಿಡಿಸ್ತೀವಿ, ಅರ್ಥ ಬಿಡಿಸಿ ಹೇಳ್ತೀವಿ, ಸೆರೆಯಲ್ಲಿದ್ದವರನ್ನೂ ಬಿಡಿಸ್ತೀವಿ. ಹೀಕಾ ಅನ್ನುವ ಹೆಸರಿನ ಬೇರೂ ಒರೊಮೊ ಭಾಷೆಯಲ್ಲಿ ಹೆಚ್ಚುಕಡಿಮೆ ಇದೇ ತರಹದ್ದು: ಗಂಟು ಬಿಚ್ಚುವುದು, ಅರ್ಥ ಹೇಳುವುದು, ಅನುವಾದಿಸುವುದು. ಅವನಿಗೆ ಹೆಸರಿಟ್ಟವರು ಮುಂದಾಗುವುದನ್ನು ಊಹಿಸಿರಲಿಕ್ಕಿಲ್ಲ. ಆದರೆ ಮುಂದೆ ಆದದ್ದು ಅದೇ.

ಇವರು ಯಾರು, ಇಲ್ಲಿಗೆ ಯಾಕೆ ಬಂದರು

ಲೂಥರನ್ನರು ಅಂದರೆ ಜರ್ಮನಿಯ ಮಾರ್ಟಿನ್ ಲೂಥರ್‌ನ ದಾರಿ ಹಿಡಿದ ಕ್ರೈಸ್ತರು. 1517ರಲ್ಲಿ ರೋಮಿನ ಚರ್ಚಿಗೆ ಸವಾಲು ಹಾಕಿದವನು ಅಂತ ಹೈಸ್ಕೂಲ್ ಇತಿಹಾಸದಲ್ಲಿ ಓದಿರ್ತೀರಿ. ಪರೀಕ್ಷೆಗೆ ಅಷ್ಟು ಸಾಕು. ಈ ಕಥೆಗೆ ಬೇಕಾದದ್ದು ಇನ್ನೊಂದು ಸಂಗತಿ: ದೇವರ ಮಾತು ಜನ ಮನೆಯಲ್ಲಿ ಆಡುವ ಭಾಷೆಯಲ್ಲೇ ಇರಬೇಕು ಅಂತ ಹಟ ಹಿಡಿದು, ಲೂಥರ್ ಗೆಳೆಯರನ್ನು ಕೂಡಿಸಿಕೊಂಡು ಇಡೀ ಬೈಬಲನ್ನು ಜರ್ಮನ್ನಿಗೆ ತಂದ. ಅದು ಮುಗಿದದ್ದು 1534ರಲ್ಲಿ. ಲೂಥರನ್ನರು ಹೋದ ಕಡೆಯೆಲ್ಲ ಈ ಹಟವನ್ನೂ ಹೊತ್ತುಕೊಂಡೇ ಹೋದರು.

ಸ್ವೀಡನ್ನಿನ ಚರ್ಚು ಲೂಥರನ್. ಅದರೊಳಗೆ 1856ರಲ್ಲಿ ಹುಟ್ಟಿದ ಸ್ವೀಡಿಶ್ ಇವ್ಯಾಂಜೆಲಿಕಲ್ ಮಿಷನ್, ಒರೊಮೊ ಜನರ ನಾಡಿಗೆ ಹೋಗಬೇಕೆಂದು 1866ರಲ್ಲಿ ಮಸ್ಸಾವಾಕ್ಕೆ ಬಂದಿಳಿಯಿತು. ಆದರೆ ಒರೊಮೊ ನಾಡು ಮುಟ್ಟಲು ಅವರಿಗೆ ಆಗಲಿಲ್ಲ. ದಾರಿ ಸಿಗಲಿಲ್ಲ, ಅನುಮತಿ ಸಿಗಲಿಲ್ಲ, ಜ್ವರಕ್ಕೆ ಒಬ್ಬೊಬ್ಬರಾಗಿ ಸತ್ತರು. ಅವರು ಒರೊಮೊ ನಾಡನ್ನು ತಲುಪುವ ಮೊದಲು ಒರೊಮೊ ಮಕ್ಕಳೇ ಅವರ ಬಾಗಿಲಿಗೆ ಬಂದರು. ಹಾಗೆ ಬಂದವರು ಗುಲಾಮಗಿರಿಯಿಂದ ಪಾರಾದ ಮಕ್ಕಳು.

ಇಮ್ಕುಲ್ಲುವಿನ ಶಾಲೆ ಹೀಗೆ ವಿಚಿತ್ರವಾದ ಜಾಗವಾಯಿತು. ಅಲ್ಲಿದ್ದ ಎಷ್ಟೋ ಮಕ್ಕಳಿಗೆ ಅಪ್ಪ ಅಮ್ಮ ಬದುಕಿದ್ದಾರಾ ಅನ್ನುವುದೇ ಗೊತ್ತಿಲ್ಲ. ಊರು ಯಾವ ದಿಕ್ಕಿಗಿದೆ ಅಂತ ಕೈತೋರಿಸಿ ಹೇಳಲೂ ಆಗುವುದಿಲ್ಲ. 'ನಿಮ್ಮ ಮನೆ ಎಲ್ಲಿ' ಅನ್ನುವ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೂ ಯಾರೂ ಬೇಜಾರಾಗಬೇಕಿರಲಿಲ್ಲ, ಯಾಕಂದ್ರೆ ಪಕ್ಕದಲ್ಲಿ ಕೂತವನಿಗೂ ಗೊತ್ತಿಲ್ಲ.

1872ರ ಮಾರ್ಚ್ 31, ಈಸ್ಟರ್ ಭಾನುವಾರ ಹೀಕಾ ದೀಕ್ಷಾಸ್ನಾನ ಪಡೆದ. ಇಟ್ಟ ಹೆಸರು ಒನೆಸಿಮೊಸ್. ಬೈಬಲ್ ಓದಿದವರಿಗೆ ಇದರ ಹಿನ್ನೆಲೆ ಗೊತ್ತು. ಫಿಲೆಮೋನನಿಗೆ ಬರೆದ ಪುಟ್ಟ ಪತ್ರದಲ್ಲಿ, ಒಡೆಯನಿಂದ ದೂರವಾಗಿದ್ದ ಒನೇಸಿಮ ಎಂಬ ಗುಲಾಮನನ್ನು 'ಇನ್ನು ಮೇಲೆ ಗುಲಾಮನಂತಲ್ಲ, ಸಹೋದರನಂತೆ ಸೇರಿಸಿಕೋ' ಎಂಬ ಅರ್ಥದಲ್ಲಿ ಪೌಲ ಕೇಳಿಕೊಳ್ಳುತ್ತಾನೆ. ಹೆಸರಿನ ಅರ್ಥ 'ಉಪಯುಕ್ತ'.

ಮಿಷನ್ ಅಂದ ಕೂಡಲೇ ನಮ್ಮಲ್ಲಿ ಬರುವ ಪ್ರಶ್ನೆಯನ್ನು ನಾನೂ ಕೇಳಿಕೊಂಡೆ. ಅನಾಥ ಹುಡುಗ, ಊಟ ಕೊಟ್ಟವರ ಧರ್ಮ ಹಿಡಿದರೆ ಅದನ್ನು ನಂಬಿಕೆ ಅನ್ನೋದಾ, ಋಣ ಅನ್ನೋದಾ? ಆ ಒಂದು ಭಾನುವಾರವನ್ನಷ್ಟೇ ನೋಡಿದರೆ ಉತ್ತರ ಹೇಳೋದು ಕಷ್ಟ. ಆ ಮನುಷ್ಯ ಅದರ ಮುಂದಿನ 59 ವರ್ಷ ಏನು ಮಾಡಿದ ಅಂತ ನೋಡಿದರೆ ಅಷ್ಟು ಕಷ್ಟವಿಲ್ಲ.

ಮನೆಗೆ ಹೋಗುವ ದಾರಿ

ಮಿಷನ್ನಿನವರು ಅವರನ್ನು ಸ್ವೀಡನ್ನಿನ ಯೋಹಾನೆಲುಂಡ್ ಸೆಮಿನರಿಗೆ ಐದು ವರ್ಷ ಓದಲು ಕಳುಹಿಸಿದರು. ಅಲ್ಲೇ ಉಳಿಯಬಹುದಿತ್ತು. ನಮ್ಮಲ್ಲಿ ಎಂಎಸ್ ಮಾಡಲು ಹೋದವರು ಉಳಿಯಲ್ವಾ? ಅವರು ವಾಪಸ್ ಬಂದರು. ಮಸ್ಸಾವಾದಲ್ಲಿ ಮೆಹ್ರೆತ್ ಹೈಲು ಅವರನ್ನು ಮದುವೆಯಾದರು. ತಕ್ಷಣವೇ ಊರಿಗೆ ಹೊರಟ ತಂಡ ಸೇರಿಕೊಂಡರು.

ಇಥಿಯೋಪಿಯಾದ ಮೂಲಕ ದಾರಿ ಇಲ್ಲದ್ದರಿಂದ ಸುಡಾನ್ ಸುತ್ತಿಕೊಂಡು ಹೋಗುವ ಪ್ಲಾನು. ಗಡಿಯ ಅಸೋಸಾವರೆಗೆ ಹೋದರು. ಅಲ್ಲಿಂದ ಮುಂದೆ ಬಿಡಲಿಲ್ಲ. ವಾಪಸಾಗುವಾಗ ಒನೆಸಿಮೊಸ್ ಜ್ವರಕ್ಕೆ ಬಿದ್ದರು. 1882ರ ಏಪ್ರಿಲ್‌ನಲ್ಲಿ ಖಾರ್ಟೂಮ್ ಮುಟ್ಟುವಷ್ಟರಲ್ಲಿ ಅಲ್ಲಿ ಮಹ್ದಿಯ ದಂಗೆ ಶುರುವಾಗುತ್ತಿತ್ತು. ಸೀದಾ ಇಮ್ಕುಲ್ಲುವಿಗೆ ವಾಪಸ್.

1886ರಲ್ಲಿ ಇನ್ನೊಂದು ಪ್ರಯತ್ನ. ಈ ಸಲ ಮೆನೆಲಿಕ್ ದೊರೆ ಇದ್ದ ಎಂಟೊಟ್ಟೊವರೆಗೆ ಹೋಗಿ ಮುಟ್ಟಿದರು. ಅನುಮತಿ ಸಿಗಲಿಲ್ಲ. ಮತ್ತೆ ಕರಾವಳಿ. ಇಷ್ಟರ ನಡುವೆ ಮೆಹ್ರೆತ್ ಕೂಡ ತೀರಿಕೊಂಡರು.

ಊರಿಗೆ ಹೋಗಲು ಆಗದ ಮನುಷ್ಯ ಊರಿನ ಮಾತನ್ನು ಹಿಡಿದುಕೊಂಡು ಕೂತರು. ಬೈಬಲನ್ನು ಒರೊಮೊಗೆ ತರುವ ಕೆಲಸ ಶುರುವಾಯಿತು. ಸಮಸ್ಯೆ ಏನಪ್ಪಾ ಅಂದ್ರೆ, ಆ ಮಾತು ಅವರ ಬಾಯಲ್ಲಿ ಬಾಲ್ಯಕ್ಕೇ ನಿಂತುಹೋಗಿತ್ತು. ಆಮೇಲಿನ ವರ್ಷಗಳೆಲ್ಲ ಬೇರೆ ಭಾಷೆಗಳ ನಡುವೆಯೇ ಕಳೆದಿದ್ದವು. ಹುಡುಗನಿಗೆ ಗೊತ್ತಿರುವ ಒರೊಮೊದಲ್ಲಿ ಕೀರ್ತನೆಗಳನ್ನೋ ಯೋಬನ ದುಃಖವನ್ನೋ ಬರೆಯೋದು ಹೇಗೆ? ದಯವಿಟ್ಟು ಇದನ್ನು ಹೊರದೇಶದಲ್ಲಿ ಬೆಳೆದ ನಮ್ಮ ಮಕ್ಕಳ ತೊದಲು ಕನ್ನಡಕ್ಕೆ ಹೋಲಿಸಬೇಡಿ. ಅವರು ಅಜ್ಜಿಗೆ ವಿಡಿಯೊ ಕಾಲ್ ಮಾಡಬಹುದು. ಇವರಿಗೆ ಕೇಳಲು ಯಾರೂ ಇರಲಿಲ್ಲ.

ಆಸ್ಟರ್ ಬಂದದ್ದು

1886ರಲ್ಲಿ, ಅಂದರೆ ಎಂಟೊಟ್ಟೊ ಬಾಗಿಲು ಮುಚ್ಚಿದ ಅದೇ ವರ್ಷ, ಅರೇಬಿಯಾಕ್ಕೆ ಗುಲಾಮರನ್ನು ಸಾಗಿಸುತ್ತಿದ್ದ ಒಂದು ದೋಣಿಯನ್ನು ಇಟಲಿಯ ಹಡಗುಗಳು ತಡೆದವು. ಅದರಲ್ಲಿ ಸುಮಾರು 14 ವರ್ಷದ ಒಬ್ಬ ಹುಡುಗಿ ಇದ್ದಳು. ಹೆಸರು ಆಸ್ಟರ್ ಗನ್ನೊ. ಸ್ವತಂತ್ರಳಾಗಿ ಹುಟ್ಟಿ, ಲಿಮ್ಮು-ಎನ್ನಾರೆಯಾದ ರಾಜನ ಗುಲಾಮಳಾಗಿ, ಅಲ್ಲಿಂದ ಮಾರಾಟಕ್ಕೆ ಹೊರಟವಳು. ಅವಳನ್ನೂ ಇಮ್ಕುಲ್ಲು ಶಾಲೆಗೆ ತಂದುಬಿಟ್ಟರು.

ಈ ಹುಡುಗಿಗೆ ಒರೊಮೊ ಭಾಷೆಯ ಮೇಲೆ ಅಸಾಧಾರಣ ಹಿಡಿತ ಇದೆ ಅನ್ನುವುದು ಒನೆಸಿಮೊಸ್‌ಗೆ ಬೇಗನೇ ಗೊತ್ತಾಯಿತು. ಪದಕೋಶ ಮಾಡುವ ಕೆಲಸವನ್ನು ಅವಳಿಗೆ ವಹಿಸಿದರು. ಅವಳು ಕೂಡಿಸಿದ ಪದಗಳಿಂದ ಹೊಸ ಒಡಂಬಡಿಕೆಯ ಅನುವಾದ ತಿದ್ದಿ ಸರಿಯಾಯಿತು. ಅದು 1893ರಲ್ಲಿ ಅಚ್ಚಾಯಿತು. ಜೊತೆಗೆ ಆಸ್ಟರ್ ತನ್ನ ನೆನಪಿನಿಂದ, ಸುತ್ತಲಿನವರ ನೆನಪಿನಿಂದ 500ರಷ್ಟು ಒರೊಮೊ ಒಗಟು, ಗಾದೆ, ಕಥೆ, ಹಾಡುಗಳನ್ನು ಬರೆದಿಟ್ಟರು. ಅದರಲ್ಲಿ ಬಹಳಷ್ಟು 1894ರಲ್ಲಿ ಮಕ್ಕಳು ಓದು ಕಲಿಯುವ ಪುಸ್ತಕವಾಗಿ ಬಂತು. ಉಳಿದದ್ದರಲ್ಲಿ ದೊಡ್ಡ ಪಾಲು ಅಚ್ಚಾಗದೇ ಉಳಿಯಿತು.

ಅವರು ಆ ಕೆಲಸ ಮಾಡಿದ ಜಾಗ ಹೇಗಿತ್ತು ಅಂತ ಸ್ವಲ್ಪ ಯೋಚಿಸಿ. ಊರಿನಿಂದ ನೂರಾರು ಮೈಲಿ ದೂರ, ಸುಡುವ ಕರಾವಳಿ. ಸುತ್ತ ಯಾರದ್ದೂ ಒರೊಮೊ ಮಾತಲ್ಲ. ಅಲ್ಲಿ ಒಬ್ಬರು 'ನಮ್ಮ ಕಡೆ ಇದಕ್ಕೆ ಹೀಗಂತಿದ್ರು' ಅನ್ನುವುದು, ಇನ್ನೊಬ್ಬರು 'ನಮ್ಮಲ್ಲಿ ಬೇರೆ ತರ' ಅನ್ನುವುದು. ಒಬ್ಬೊಬ್ಬರೂ ಬೇರೆ ಬೇರೆ ಸೀಮೆಯಿಂದ ಕದ್ದು ತಂದವರಾದ್ದರಿಂದ ಒಬ್ಬೊಬ್ಬರ ಬಳಿ ಭಾಷೆಯ ಒಂದೊಂದು ತುಂಡು ಇತ್ತು. ಆ ತುಂಡುಗಳನ್ನು ಕೂಡಿಸಲು ಎಲ್ಲರೂ ಬೇಕಿತ್ತು. ಒನೆಸಿಮೊಸ್ ಮುಂದೆ ಮದುವೆಯಾದ ಲಿಡಿಯಾ ಡಿಂಬೊ ಕೂಡ ಹೀಗೆ ಬಿಡುಗಡೆಯಾಗಿ ಬಂದ ಒರೊಮೊ ಹೆಣ್ಣುಮಗಳೇ. ಕ್ರೈಸ್ತರು 'ಅನ್ಯೋನ್ಯತೆ' ಅನ್ನುವ ಪದವನ್ನು ಬಹಳ ಬಳಸುತ್ತಾರೆ. ನನಗೆ ಅದು ಯಾವಾಗಲೂ ಸ್ವಲ್ಪ ಪುಸ್ತಕದ ಪದ ಅನ್ನಿಸ್ತಿತ್ತು. ಈ ಜನರ ನಡುವೆ ಇದ್ದದ್ದಕ್ಕೆ ಬೇರೆ ಪದ ಸಿಗೋದಿಲ್ಲ.

ಇಡೀ ಬೈಬಲ್ 1899ರಲ್ಲಿ ಗೀಝ್ ಲಿಪಿಯಲ್ಲಿ ಅಚ್ಚಾಗಿ ಬಂತು. ಅಚ್ಚಾದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಪಕ್ಕದ ಸೇಂಟ್ ಕ್ರಿಶೋನಾದಲ್ಲಿ. ಬಾಸೆಲ್ ಅಂದ ಕೂಡಲೇ ನಮಗೆ ಮಂಗಳೂರಿನ ಹೆಂಚು, ಕಿಟೆಲ್ ನೆನಪಾಗ್ತಾರೆ. ಸಂಸ್ಥೆ ಬೇರೆ, ಆದರೆ ನಂಟು ಇದೆ: ಕ್ರಿಶೋನಾವನ್ನು ಕಟ್ಟಿದ ಸ್ಪಿಟ್ಲರ್ ಬಾಸೆಲ್ ಮಿಷನ್ ಹುಟ್ಟುಹಾಕಿದವರಲ್ಲೂ ಒಬ್ಬ. ಆಸ್ಟರ್ ಅವರ ಓದುವ ಪುಸ್ತಕ ಬಂದ 1894ರಲ್ಲೇ ಕಿಟೆಲ್ಲರ ಕನ್ನಡ ನಿಘಂಟೂ ಮಂಗಳೂರಿನಲ್ಲಿ ಅಚ್ಚಾಯಿತು.

ಬೈಬಲ್ ಅನುವಾದಕ ಅಂತ ಇತಿಹಾಸ ಹೇಳುತ್ತಾ ಬಂದದ್ದು ಒಂದೇ ಹೆಸರನ್ನು, ಒನೆಸಿಮೊಸ್ ನೆಸಿಬ್. ಆಸ್ಟರ್ ಅವರ ಪಾಲಿಗೆ ಸಲ್ಲಬೇಕಾದಷ್ಟು ಮನ್ನಣೆ ಸಲ್ಲಲಿಲ್ಲ. ನಮ್ಮ ಕೋಡಿಗಾದರೆ ಕಮಿಟ್ ಹಿಸ್ಟರಿ ಇರುತ್ತೆ, ಯಾವ ಸಾಲು ಯಾರು ಬರೆದರು ಅಂತ ತೆಗೆದು ತೋರಿಸಬಹುದು. ಆ ಹಸ್ತಪ್ರತಿಗಳಿಗೆ ಅದಿರಲಿಲ್ಲ.

1904

ವೊಲ್ಲೆಗಾ ಸೀಮೆಗೆ ಮೊದಲು ತಲುಪಿದ್ದು ಕೂಡ ಸ್ವೀಡಿಶ್ ಪಾದ್ರಿಗಳಲ್ಲ. ಎರಿಟ್ರಿಯಾದ ಗೆಬ್ರೆ ಎವೊಸ್ತಾತೆಯೊಸ್, ಜೊತೆಗೆ ಒರೊಮೊದವರಾದ ಡೇನಿಯಲ್ ಲುಲು 1898ರಲ್ಲಿ ವೊಲ್ಲೆಗಾ ಸೀಮೆಯ ಬೊಜಿಯಲ್ಲಿ ನೆಲೆಸಿದರು. 1904ರಲ್ಲಿ ಒನೆಸಿಮೊಸ್, ಆಸ್ಟರ್ ಮತ್ತವರ ಜೊತೆಗಾರರು ವೊಲ್ಲೆಗಾ ಮುಟ್ಟಿದರು. ಕದ್ದೊಯ್ದು 35 ವರ್ಷವಾಗಿತ್ತು. ನೆಕೆಮ್ಟೆಯಲ್ಲಿ ಶಾಲೆ ತೆರೆದರು. ಆಸ್ಟರ್ ಅಲ್ಲಿ ಮೇಷ್ಟ್ರಾದರು. ಮರುವರ್ಷವೇ ಬೊಜಿಯಲ್ಲಿ ಬೆಂಕಿ ಬಿದ್ದು, ಒಳಗಿದ್ದವರನ್ನು ಉಳಿಸಲು ಹೋದ ಗೆಬ್ರೆ ಎವೊಸ್ತಾತೆಯೊಸ್ ತೀರಿಕೊಂಡರು.

ಊರಿನವರು ಬಂದರು, ಯಾಕಂದ್ರೆ ಇವರು ಜನರಿಗೆ ಅರ್ಥವಾಗುವ ಮಾತಿನಲ್ಲಿ ಬೋಧಿಸುತ್ತಿದ್ದರು. ಅದೇ ಕಾರಣಕ್ಕೆ ವಿರೋಧವೂ ಬಂತು. 1906ರಲ್ಲಿ ಆರ್ಥೊಡಾಕ್ಸ್ ಪುರೋಹಿತರು ಒನೆಸಿಮೊಸ್ ಮೇಲೆ ದೂರು ಕೊಟ್ಟರು, ಮೇರಿ ಮಾತೆಯನ್ನು ಅವಮಾನಿಸಿದ್ದಾನೆ ಅಂತ. ಗಡೀಪಾರಿನ ತೀರ್ಪಾಯಿತು. ಮೆನೆಲಿಕ್ ದೊರೆ ಅದನ್ನು ತಡೆದು, ನೆಕೆಮ್ಟೆಗೆ ಹೋಗು, ಆದರೆ ಬೋಧಿಸಬೇಡ ಅಂದ. ಊರಿಗೆ ಬರಲು ಜೀವಮಾನವಿಡೀ ಕಾದ ಬೋಧಕನಿಗೆ, ಊರು ಮುಟ್ಟಿದ ಮೇಲೆ ಬಾಯಿ ಮುಚ್ಚಿಕೊಂಡಿರು ಅನ್ನುವ ಷರತ್ತು! ಹತ್ತು ವರ್ಷ ಅವರು ಶಾಲೆಯಲ್ಲಿ ಪಾಠ ಹೇಳಿದರು. ಅವರು ಎದುರಿಸಿದ ಕಷ್ಟಗಳಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ಈ ಹತ್ತು ವರ್ಷ. ಜ್ವರ, ದಂಗೆ, ಮರಳುಗಾಡು ಇವೆಲ್ಲ ಸಾಹಸದ ಕಥೆಯಾಗಿ ಹೇಳಲಾದರೂ ಬರುತ್ತೆ. ದಿನಾ ಬೆಳಿಗ್ಗೆ ಅಕ್ಷರ ಕಲಿಸಿ ಮನೆಗೆ ಹೋಗುವುದನ್ನು ಹೇಗೆ ಹೇಳೋದು?

1916ರಲ್ಲಿ ಲಿಜ್ ಇಯಾಸು ಬೋಧನೆಗೆ ಅನುಮತಿ ಕೊಟ್ಟ. ಅವನು ಪಟ್ಟದಿಂದ ಇಳಿದರೂ ಆ ಆಜ್ಞೆ ರದ್ದಾಗಲಿಲ್ಲ. ಒನೆಸಿಮೊಸ್ ಪುಸ್ತಕ ಹಂಚುತ್ತಾ, ಬೋಧಿಸುತ್ತಾ 1931ರ ಜೂನ್‌ನಲ್ಲಿ ತೀರಿಕೊಂಡರು. ಆಸ್ಟರ್ 1964ರವರೆಗೆ ಇದ್ದರು.

ಅದೇ ಬೊಜಿಯಿಂದ

1959ರಲ್ಲಿ ಈ ಸಭೆಗಳೂ ದೇಶದ ಇತರ ಲೂಥರನ್ ಸಭೆಗಳೂ ಸೇರಿ ಮೆಕಾನೆ ಯೇಸುಸ್ ಎಂಬ ಇಥಿಯೋಪಿಯಾದ ಚರ್ಚು ಆಯಿತು. ಹೆಸರಿನ ಅರ್ಥ 'ಯೇಸುವಿನ ನೆಲೆ'. ಇವತ್ತು ಅದರ ಸದಸ್ಯರು ಒಂದು ಕೋಟಿಗೂ ಹೆಚ್ಚು. ಜಗತ್ತಿನ ಅತಿ ದೊಡ್ಡ ಲೂಥರನ್ ಚರ್ಚುಗಳಲ್ಲಿ ಒಂದು. ಲೂಥರನ್ ಅಂದರೆ ಜರ್ಮನಿ, ಸ್ವೀಡನ್ ಅಂತ ಅಂದುಕೊಂಡವರು ಈ ಲೆಕ್ಕ ನೋಡಬೇಕು.

ಅದರ ಪ್ರಧಾನ ಕಾರ್ಯದರ್ಶಿಯಾಗಿದ್ದ ಗುದಿನಾ ತುಮ್ಸಾ ಹುಟ್ಟಿದ್ದು 1929ರಲ್ಲಿ, ಅದೇ ಬೊಜಿಯಲ್ಲಿ. 1974ರ ಕ್ರಾಂತಿಯ ನಂತರ ಬಂದ ದೆರ್ಗ್ ಸೈನಿಕ ಸರ್ಕಾರ ಚರ್ಚುಗಳ ಬಾಗಿಲು ಹಾಕಿಸುತ್ತಾ ಬಂತು. ಗುದಿನಾ ಬಗ್ಗಲಿಲ್ಲ. ದೇಶ ಬಿಟ್ಟು ಹೋಗಲು ಅವಕಾಶ ಒದಗಿ ಬಂದಿತ್ತು. ಸಭೆಯನ್ನು ಬಿಟ್ಟು ಬರುವುದಿಲ್ಲ ಅಂದರು. ಹಿಟ್ಲರನ ಕಾಲದಲ್ಲಿ ಅಮೆರಿಕದ ಸುರಕ್ಷತೆ ಬಿಟ್ಟು ಜರ್ಮನಿಗೆ ವಾಪಸಾಗಿ 1945ರಲ್ಲಿ ನೇಣಿಗೇರಿದ ಲೂಥರನ್ ಪಾಸ್ಟರ್ ಡೀಟ್ರಿಕ್ ಬಾನ್‌ಹಾಫರ್ ಜೊತೆ ಇವರನ್ನು ಹೋಲಿಸುವುದು ಇದೇ ಕಾರಣಕ್ಕೆ.

1979ರ ಜುಲೈ 28ರಂದು ಅಡಿಸ್ ಅಬಾಬಾದಲ್ಲಿ ಆರಾಧನೆ ಮುಗಿಸಿ ಹೊರಬಂದ ಗುದಿನಾರನ್ನು ಹೊತ್ತೊಯ್ದರು. ಮತ್ತೆ ಯಾರೂ ಅವರನ್ನು ನೋಡಲಿಲ್ಲ. ಹೆಂಡತಿ ತ್ಸೆಹಾಯ್ ತೊಲೆಸಾರನ್ನು ಕೆಲ ತಿಂಗಳಲ್ಲಿ ಬಂಧಿಸಿ, ಹಿಂಸಿಸಿ, ವಿಚಾರಣೆಯೇ ಇಲ್ಲದೆ ಸುಮಾರು ಹತ್ತು ವರ್ಷ ಸೆರೆಯಲ್ಲಿಟ್ಟರು. ಅಷ್ಟೂ ವರ್ಷ ಗಂಡ ಇದ್ದಾರೋ ಇಲ್ಲವೋ ಅಂತ ಖಚಿತವಾಗಿ ಹೇಳುವವರಿರಲಿಲ್ಲ. ಹೊರಗೆ, ಬೀಗ ಬಿದ್ದ ಚರ್ಚುಗಳ ಜನ ಮನೆಗಳಲ್ಲಿ ಸೇರುತ್ತಿದ್ದರು.

ತ್ಸೆಹಾಯ್ 1989ರಲ್ಲಿ ಬಿಡುಗಡೆಯಾದರು. 1991ರಲ್ಲಿ ದೆರ್ಗ್ ಬಿತ್ತು. ಮರುವರ್ಷ ಗುದಿನಾರನ್ನು ಹೂತ ಜಾಗ ಪತ್ತೆಯಾಯಿತು. ಕೊಂದದ್ದು ಹೊತ್ತೊಯ್ದ ಆ ರಾತ್ರಿಯೇ ಎಂಬುದೂ ತಿಳಿಯಿತು. ಹೊತ್ತೊಯ್ದ 13 ವರ್ಷದ ಮೇಲೆ, 1992ರಲ್ಲಿ, ಅವರ ಸಭೆಯವರು ಅವರನ್ನು ಮತ್ತೆ ಮಣ್ಣು ಮಾಡಿದರು.