ಕಂಕನಾಡಿಯ ಗಡಿ, ಪಿಎಚ್.ಡಿ.ಯ ಹಾದಿ

ನಗರ ಮತ್ತು ಪ್ರಾದೇಶಿಕ ಯೋಜನೆಯಲ್ಲಿ ಪಿಎಚ್.ಡಿ. ಪಡೆಯಲು ಇಂದಿರುವ ನಿಯಮಗಳು ಒಮ್ಮೆಲೇ ರೂಪುಗೊಂಡವಲ್ಲ. 1919ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಪ್ಯಾಟ್ರಿಕ್ ಗೆಡ್ಡೆಸ್, ಊರನ್ನು ನಡೆದು ನೋಡಿ, ಅಲ್ಲಿನವರ ಬದುಕನ್ನು ಅರಿತ ಮೇಲೆಯೇ ನಕ್ಷೆಗೆ ಕೈಹಾಕಬೇಕೆಂದು ಪಟ್ಟುಹಿಡಿದರು. 1955ರಲ್ಲಿ ದೆಹಲಿಯಲ್ಲಿ ನಗರ ಯೋಜನೆಗೆಂದೇ ಶಾಲೆ ಆರಂಭವಾಯಿತು. ಕರ್ನಾಟಕದಲ್ಲಿ ಮೈಸೂರು ವಿಶ್ವವಿದ್ಯಾಲಯದ ಅಭಿವೃದ್ಧಿ ಅಧ್ಯಯನ ಸಂಸ್ಥೆ ಈ ವಿಷಯದ ಸ್ನಾತಕೋತ್ತರ ಪಾಠ ನಡೆಸಿತು.

ಎಲ್ಲ ವಿಷಯಗಳ ಪಿಎಚ್.ಡಿ.ಗೂ ಒಂದೇ ಕನಿಷ್ಠ ಚೌಕಟ್ಟು ಹಾಕಿದ್ದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ನಿಯಮಾವಳಿ. 2016ರಲ್ಲಿ ಅದು ಬದಲಾಯಿತು, 2022ರಲ್ಲಿ ಮತ್ತೊಮ್ಮೆ. ಈಗ ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ ಬೇಕು. ಮೀಸಲು ವರ್ಗದವರಿಗೆ ಶೇ 5 ವಿನಾಯಿತಿ ಇದೆ. ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಗಳಿಸಿದವರೂ ಅರ್ಹರು. ಪ್ರವೇಶ ಪರೀಕ್ಷೆ, ಸಂದರ್ಶನ ಮುಗಿದ ಬಳಿಕ ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್. ಅವಧಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು.

ಆದರೆ ನಗರ ಯೋಜನೆಯಲ್ಲಿ ಅಭ್ಯರ್ಥಿಯನ್ನು ನಿಜವಾಗಿ ಪರೀಕ್ಷಿಸುವುದು ಕ್ಷೇತ್ರಕಾರ್ಯ. ಮಂಗಳೂರಿನ ಕಂಕನಾಡಿಯನ್ನೇ ಅಧ್ಯಯನಕ್ಕೆ ಎತ್ತಿಕೊಂಡರೆ ಮೊದಲ ಪ್ರಶ್ನೆಯೇ ತೊಡಕಿನದು: ಕಂಕನಾಡಿ ಎಲ್ಲಿ ಮುಗಿಯುತ್ತದೆ? ಮಂಗಳೂರು ಜಂಕ್ಷನ್ ಇರುವುದು ಪಡೀಲಿನಲ್ಲಿ, ಆದರೂ ಆ ನಿಲ್ದಾಣಕ್ಕೆ ಹಿಂದೆ ಇದ್ದ ಹೆಸರು ಕಂಕನಾಡಿ. ಪಾಲಿಕೆಯ ವಾರ್ಡು, ಮಾರುಕಟ್ಟೆಗೆ ಬರುವವರ ಹಾದಿ, ಇಲ್ಲಿನ ಆಸ್ಪತ್ರೆಗೆ ಬರುವ ರೋಗಿಗಳ ಊರು, ಇವು ಮೂರೂ ಮೂರು ಬೇರೆ ಗಡಿಗಳನ್ನು ತೋರಿಸುತ್ತವೆ. ಈ ಆಸ್ಪತ್ರೆಯ ಮೂಲಪುರುಷ ಫಾದರ್ ಅಗಸ್ಟಸ್ ಮುಲ್ಲರ್ ಇಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡತೊಡಗಿದ್ದು 1880ರಲ್ಲಿ. ರಾಜ್ಯದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರದು. ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಆಧಾರವಾದ ಕಾಯ್ದೆ 1987ರದು. 1961ರ ಕಾಯ್ದೆಗಿಂತ ಎಂಟು ದಶಕ ಮೊದಲೇ ಇಲ್ಲಿ ಆಸ್ಪತ್ರೆಯ ಬೀಜ ಬಿದ್ದಿತ್ತು. ಇಂಥ ಜಾಗದ ಭೂಬಳಕೆ ನಕ್ಷೆಯನ್ನಷ್ಟೇ ಓದಿ ಬರೆದ ಮಹಾಪ್ರಬಂಧ ಊರನ್ನು ತಿಳಿಸಲಾರದು.

ಕೆಲಸದ ಪ್ರಗತಿಯನ್ನು ಸಂಶೋಧನಾ ಸಲಹಾ ಸಮಿತಿ ಪ್ರತಿ ಸೆಮಿಸ್ಟರಿಗೂ ನೋಡುತ್ತದೆ. ಮಹಾಪ್ರಬಂಧ ಸಲ್ಲಿಸುವ ಮುನ್ನ ಜರ್ನಲ್‌ನಲ್ಲಿ ಲೇಖನ ಪ್ರಕಟವಾಗಿರಲೇಬೇಕೆಂಬ ಕಟ್ಟಳೆಯನ್ನು 2022ರಲ್ಲಿ ಕೈಬಿಡಲಾಯಿತು. ಇದು ಒಳ್ಳೆಯ ನಿರ್ಧಾರ. ಬೀದಿಯಲ್ಲಿ ಕಳೆಯಬೇಕಾದ ಸಮಯ ಲೇಖನಗಳ ಲೆಕ್ಕಕ್ಕೆ ಹೋಗುವುದು ತಪ್ಪುತ್ತದೆ. ಕೃತಿಚೌರ್ಯದ ತಪಾಸಣೆಯಾದ ಮೇಲೆ ಮಾರ್ಗದರ್ಶಕರೂ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರೂ ಪ್ರಬಂಧವನ್ನು ಮೌಲ್ಯಮಾಪನ ಮಾಡುತ್ತಾರೆ. ಅವರ ವರದಿ ಅನುಕೂಲಕರವಾಗಿದ್ದರೆ ಮೌಖಿಕ ಪರೀಕ್ಷೆ ನಡೆಯುತ್ತದೆ. ಅದಾದ ಬಳಿಕ ಪದವಿ.