ಗುಂಪು ಪ್ರಕಲ್ಪದಲ್ಲಿ ಯಾರ ಪಾಲು ಯಾವುದು?

ನಮ್ಮ ಶಾಲೆಯಲ್ಲಿ ಹತ್ತನೆಯ ಇಯತ್ತೆ ಮುಗಿಸಿದ ಮಕ್ಕಳು ಉಮರ್ಗಾ, ನಿಲಂಗಾ, ಉದಗೀರಗಳ ಮಹಾವಿದ್ಯಾಲಯಗಳನ್ನು ಸೇರಿದೊಡನೆ ಎದುರಿಸಬೇಕಾದ ಹೊಸ ಸಂಗತಿಗಳಲ್ಲಿ ಗುಂಪು ಪ್ರಕಲ್ಪವೂ ಒಂದು. ನಾಲ್ಕೈದು ಜನರು ಕೂಡಿ ಒಂದು ವಿಷಯವನ್ನು ಶೋಧಿಸಿ, ವರದಿ ಬರೆದು, ತರಗತಿಯ ಮುಂದೆ ನಿರೂಪಿಸಬೇಕು. ಅಂಕಗಳು ಬಹುಮಟ್ಟಿಗೆ ಎಲ್ಲರಿಗೂ ಸಮಾನ.

ಕಳೆದ ದೀಪಾವಳಿಯ ರಜೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ನಮ್ಮನ್ನು ಕಾಣಲು ಬಂದಿದ್ದನು. ತನ್ನ ಗುಂಪಿನ ಪ್ರಕಲ್ಪಕ್ಕೆ ಒಳ್ಳೆಯ ಅಂಕಗಳು ಬಂದುವೆಂದು ಹೇಳಿದನು. ಅದರಲ್ಲಿ ನೀನೇನು ಮಾಡಿದೆ ಎಂದು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೈಂಡಿಂಗ್ ಮಾಡಿಸಿಕೊಂಡು ಬಂದೆ, ಗುರುಗಳೇ” ಎಂದನು. ಗಣಿತದಲ್ಲಿ ನಮ್ಮ ಶಾಲೆಗೇ ಮುಂದಾಗಿದ್ದ ಹುಡುಗನವನು! ಮೊದಲ ದಿನದ ಸಭೆಯಲ್ಲಿ ಗೆಳೆಯರು ಮರಾಠಿಯಲ್ಲಿ ಭರಭರನೆ ಮಾತನಾಡಿ ಕೆಲಸ ಹಂಚಿಕೊಂಡರಂತೆ. ಇವನು ಸಂಕೋಚದಿಂದ ಮೌನವಾಗಿದ್ದನು. ಉಳಿದದ್ದು ಇವನ ಪಾಲಿಗೆ ಬಂದಿತು. ಗೆಳೆಯರು ಕೆಟ್ಟವರಲ್ಲ, ಇವನು ಮೈಗಳ್ಳನೂ ಅಲ್ಲ. ಕೆಲಸ ಹಂಚುವ ನಿಯಮವೇ ಅಲ್ಲಿರಲಿಲ್ಲ.

ಹಲವರು ಕೂಡಿದಲ್ಲಿ ಒಬ್ಬೊಬ್ಬರ ಶ್ರಮ ಕುಗ್ಗುವುದು ಹೊಸ ಮಾತೇನಲ್ಲ. ಜಾತ್ರೆಯಲ್ಲಿ ತೇರಿನ ಹಗ್ಗಕ್ಕೆ ಬರಿದೇ ಕೈಯಿಟ್ಟು ನಡೆಯುವವರನ್ನು ನಾವೆಲ್ಲರೂ ಕಂಡಿದ್ದೇವೆ. ಫ್ರಾನ್ಸ್ ದೇಶದ ಕೃಷಿ ಇಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮಾನ್ ಎಂಬವರು ಹಗ್ಗ ಜಗ್ಗುವವರ ಬಲವನ್ನು ಅಳೆದು, ಫಲಿತಾಂಶವನ್ನು 1913ರಲ್ಲಿ ಪ್ರಕಟಿಸಿದರು. ಒಬ್ಬನೇ ಜಗ್ಗುವಾಗಿನ ಬಲವನ್ನು 100 ಎಂದು ಹಿಡಿದರೆ, ಎಂಟು ಜನರು ಕೂಡಿ ಜಗ್ಗುವಾಗ ಪ್ರತಿಯೊಬ್ಬನ ಪಾಲಿಗೆ ಬಂದದ್ದು ಸುಮಾರು 49 ಮಾತ್ರ. ಎಲ್ಲರೂ ಒಂದೇ ಕ್ಷಣಕ್ಕೆ ಜಗ್ಗಲಾಗದೆ ಒಂದಿಷ್ಟು ಬಲ ವ್ಯರ್ಥವಾಗುವುದು ನಿಜ. ಆದರೆ 1974ರಲ್ಲಿ ಅಮೇರಿಕದ ಸಂಶೋಧಕರು ಒಬ್ಬನ ಕಣ್ಣು ಕಟ್ಟಿ, ಹಿಂದೆ ಇನ್ನೂ ಕೆಲವರು ಜಗ್ಗುತ್ತಿದ್ದಾರೆಂದು ನಂಬಿಸಿ, ವಾಸ್ತವವಾಗಿ ಅವನೊಬ್ಬನಿಂದಲೇ ಜಗ್ಗಿಸಿದರು. ಆಗಲೂ ಬಲ ಕಡಿಮೆಯಾಯಿತು! ಪ್ರತಿಯೊಬ್ಬನ ಪಾಲು ಬೇರೆಯಾಗಿ ತಿಳಿದುಬರುವುದೆಂದಾಗ ಈ ಆಲಸ್ಯ ಮಾಯವಾಗುವುದೆಂದು ಅನಂತರದ ಪ್ರಯೋಗಗಳು ತೋರಿಸಿಕೊಟ್ಟವು. ನಮ್ಮ ರೈತರು ಮುಯ್ಯಾಳಿನ ಪದ್ಧತಿಯಲ್ಲಿ ಇದನ್ನು ಹಿಂದೆಯೇ ಅರಿತಿದ್ದರು. ಯಾರ ಹೊಲಕ್ಕೆ ಯಾರು ಎಷ್ಟು ದಿನ ಬಂದರೆಂಬುದು ಊರಿಗೇ ಗೊತ್ತಿರುತ್ತದೆ.

ಉದಾಹರಣೆಗೆ ನೀರಿನ ವಿಷಯವನ್ನೇ ತೆಗೆದುಕೊಳ್ಳೋಣ. 2016ರ ಏಪ್ರಿಲಿನಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಬಂದುದನ್ನು ಪಾಲಕರು ಮರೆತಿರಲಾರರು. ಮೊದಲ ಸಲ 10 ಡಬ್ಬಿಗಳಲ್ಲಿ ಸುಮಾರು 5 ಲಕ್ಷ ಲೀಟರು. ಇಂಥ ನಾಡಿನಲ್ಲಿ ‘ನಮ್ಮೂರಿನ ಬಾವಿಗಳ ನೀರಿನ ಮಟ್ಟ’ ಎಂಬುದು ಉತ್ತಮ ಪ್ರಕಲ್ಪವಾದೀತು. ನಾಲ್ಕು ಜನರು ಸಾಕು. ಆರು ಜನರಾದರೆ ಇಬ್ಬರು ನೆರಳಿಗೆ ಕೂಡುವರು. ಒಬ್ಬನು ಸಂಚಾಲಕ, ಇವನು ಒಡೆಯನಲ್ಲ, ದಿನಾಂಕಗಳನ್ನು ನೆನಪಿಸುವವನು. ಒಬ್ಬನು ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಗಿಳಿಸಿ ಅಳೆಯುವವನು, ಒಬ್ಬನು ಲೆಕ್ಕ ಹಾಗೂ ನಕ್ಷೆ ಮಾಡುವವನು. ನಾಲ್ಕನೆಯವನು ರೈತರನ್ನು ಕಂಡು ಹಿಂದಿನ ಬರಗಾಲಗಳ ಸಂಗತಿ ಬರೆದುಕೊಳ್ಳುವವನು. ಈ ಕೊನೆಯ ಕೆಲಸದಲ್ಲಿ ನಮ್ಮ ಮಕ್ಕಳನ್ನು ಮೀರಿಸುವವರಿಲ್ಲ. ಗಡಿಯ ಊರಿನ ಅಜ್ಜಿ ಕನ್ನಡದಲ್ಲಿ ಆರಂಭಿಸಿ ಮರಾಠಿಯಲ್ಲಿ ಮುಗಿಸುವ ಮಾತನ್ನು ಎರಡೂ ಬಲ್ಲವನೇ ತಿಳಿಯಬೇಕಷ್ಟೆ. ಎರಡು ಭಾಷೆ ಬರುವುದನ್ನು ಕುಂದೆಂದು ಭಾವಿಸಿ ಮೌನ ತಾಳುವುದು ಎಂಥ ಅವಿವೇಕ!

ಈ ಹಂಚಿಕೆಯನ್ನು ಮೊದಲ ದಿನವೇ ಒಂದು ವಹಿಯಲ್ಲಿ ಬರೆದು ಎಲ್ಲರೂ ರುಜು ಹಾಕತಕ್ಕದ್ದು. ಮಾತಿನಲ್ಲಿ ಹಿಂದುಳಿದವನು ಬರಹದಲ್ಲಿ ತನ್ನ ಕೆಲಸವನ್ನು ಕೇಳಿ ಪಡೆಯಬಹುದು. ವಾರಕ್ಕೊಮ್ಮೆ ಕೂಡಿದಾಗ ಯಾರು ಏನು ಮಾಡಿದರೆಂಬುದೂ ಅದೇ ವಹಿಯಲ್ಲಿ ದಾಖಲಾಗಲಿ. ಅರ್ಧ ಕಾಲ ಕಳೆದ ಮೇಲೆ ಪಾತ್ರಗಳು ಬದಲಾಗಬೇಕು. ಇಲ್ಲವಾದರೆ ನಿರೂಪಿಸುವವನು ಎಂದಿಗೂ ಅಳೆಯಲು ಕಲಿಯನು, ಅಳೆಯುವವನು ನಾಲ್ಕು ಜನರ ಮುಂದೆ ನಿಲ್ಲಲು ಕಲಿಯನು. ವಿಜ್ಞಾನಿಗಳೂ ಈಗ ಇದೇ ಹಾದಿಯಲ್ಲಿದ್ದಾರೆ. ಅನೇಕ ಸಂಶೋಧನ ಪತ್ರಿಕೆಗಳು ಲೇಖನದ ಕೊನೆಗೆ ಯಾವ ಲೇಖಕನು ಯಾವ ಕೆಲಸ ಮಾಡಿದನೆಂದು 14 ಬಗೆಗಳಲ್ಲಿ ವಿಂಗಡಿಸಿ ಮುದ್ರಿಸುತ್ತವೆ.

ಒಬ್ಬನು ಕೆಲಸ ಮಾಡದಿದ್ದರೆ? ಮೊದಲು ಗೆಳೆಯರೇ ಕಾರಣ ಕೇಳಬೇಕು. ಸೋಯಾಬೀನಿನ ರಾಶಿಯ ಕಾಲದಲ್ಲಿ ಹೊಲ ಬಿಟ್ಟು ಬರಲಾಗದ ಹುಡುಗನಿದ್ದಾನು; ಅವನಿಗೆ ರಾತ್ರಿ ಮಾಡಬಹುದಾದ ಲೆಕ್ಕದ ಕೆಲಸ ಕೊಡಬಹುದು. ಅದರಿಂದಲೂ ಆಗದಿದ್ದರೆ ವಹಿಯೊಡನೆ ಅಧ್ಯಾಪಕರಲ್ಲಿಗೆ ಹೋಗಬೇಕು, ಆದರೆ ಮುಗಿಸುವ ಹಿಂದಿನ ರಾತ್ರಿಯಲ್ಲ. ಅಧ್ಯಾಪಕರಾದ ನಾವೂ ಒಂದು ಕೆಲಸ ಮಾಡಬೇಕಾಗಿದೆ: ಪ್ರತಿಯೊಬ್ಬನನ್ನೂ ಅವನ ಗೆಳೆಯನು ಮಾಡಿದ ಭಾಗದ ಮೇಲೆ ಎರಡು ಪ್ರಶ್ನೆ ಕೇಳುವುದು. ನಾವೇ ಹಲವು ವರುಷ ಮುಖಪುಟದ ಅಂದವನ್ನು ನೋಡಿ ಅಂಕ ಕೊಟ್ಟುದುಂಟು.

ಪಾಲಕರಲ್ಲಿ ಒಂದು ವಿನಂತಿ. ಸಿದ್ಧ ಪ್ರಕಲ್ಪಗಳನ್ನು ಅಂಗಡಿಯಿಂದ ಕೊಂಡುಕೊಡಬೇಡಿರಿ. ಅಕ್ಷರ ದುಂಡಗಿಲ್ಲವೆಂದು ನೀವೇ ಬರೆದುಕೊಡಲೂಬೇಡಿರಿ. ಬಾವಿ ಅಳೆಯಲು ಹೋಗುವ ದಿನ ಮಾತ್ರ ದೊಡ್ಡವರೊಬ್ಬರು ತಪ್ಪದೆ ಜೊತೆಗಿರಬೇಕು.

ಮುಂಬರುವ ವರ್ಷದಿಂದ ನಮ್ಮ ಒಂಬತ್ತನೆಯ ಇಯತ್ತೆಯಲ್ಲಿ ಈ ವಹಿಯ ಪದ್ಧತಿಯನ್ನು ಆರಂಭಿಸಲಿದ್ದೇವೆ. ಆ ಹಳೆಯ ವಿದ್ಯಾರ್ಥಿಗೂ ಒಂದು ವಹಿ ಕೊಟ್ಟು ಕಳುಹಿದೆವು. ಹೊಸ ಗುಂಪಿನ ಮೊದಲ ಸಭೆಯಲ್ಲಿ ಅದನ್ನು ಎಲ್ಲರ ಮುಂದಿಟ್ಟು, ‘ಲೆಕ್ಕ ಮತ್ತು ನಕ್ಷೆ’ ಎಂಬುದರ ಎದುರಿಗೆ ತನ್ನ ಹೆಸರನ್ನು ತಾನೇ ಬರೆದೆನೆಂದು ಮೊನ್ನೆ ಫೋನಿನಲ್ಲಿ ತಿಳಿಸಿದನು.